ಕೊನೆಗೆ ಮುಟ್ಟಬೇಕಾದ ತಿರುಪು

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಈ ಗಾದೆ ಕಟ್ಟಿದವರು ಮೋಟಾರು ಗಾಡಿಯನ್ನು ಕಂಡಿರಲಿಕ್ಕಿಲ್ಲ. ಆದರೆ ಹಳೆಯ ಗಾಡಿಯ ಸ್ಟಿಯರಿಂಗ್ ಸಡಿಲವಾದಾಗ ಅದನ್ನು ರಿಪೇರಿ ಮಾಡಲು ಹೊರಡುವ ಅನೇಕರು ಮಾಡುವುದು ಇದನ್ನೇ. ಸ್ಟಿಯರಿಂಗ್ ಪೆಟ್ಟಿಗೆಯ ನೆತ್ತಿಯ ಮೇಲೆ ಒಂದು ಚಿಕ್ಕ ತಿರುಪು ಇರುತ್ತದೆ. ಬಾನೆಟ್ ಎತ್ತಿದರೆ ಕಣ್ಣಿಗೆ ಬೀಳುತ್ತದೆ, ಕೈಗೂ ಎಟಕುತ್ತದೆ. ಒಂದು ಸ್ಪ್ಯಾನರು, ಒಂದು ಅಲೆನ್ ಕೀ ಇದ್ದರೆ ಐದು ನಿಮಿಷದ ಕೆಲಸ. ಕಾಲು ಸುತ್ತು ತಿರುಗಿಸಿದರೆ ಸಾಕು, ಸ್ಟಿಯರಿಂಗ್ ಬಿಗಿಯಾದಂತೆ ತೋರುತ್ತದೆ. ರೋಗ ಮಾತ್ರ ಇದ್ದಲ್ಲೇ ಇರುತ್ತದೆ. ಜೊತೆಗೆ ಹೊಸದೊಂದು ರೋಗ ಸೇರಿಕೊಂಡಿರುತ್ತದೆ.

ಈ ಮಾತು ಹೆಚ್ಚು ಅನ್ವಯಿಸುವುದು ಅಮೆರಿಕದ ಒಂದು ವಿಚಿತ್ರ ತಳಿಯ ಗಾಡಿಗಳಿಗೆ. ಅಲ್ಲಿ ಟ್ರಕ್ ಎಂದರೆ ಲಾರಿಯೇ ಆಗಬೇಕಿಲ್ಲ. ಮುಂದೆ ಇಬ್ಬರು ಮೂವರು ಕೂರುವ ಕ್ಯಾಬಿನ್, ಹಿಂದೆ ತೆರೆದ ತೊಟ್ಟಿ ಇರುವ ಪಿಕಪ್ ಗಾಡಿಗೂ ಅದೇ ಹೆಸರು. ಹುಲ್ಲು, ಮರ, ಸಿಮೆಂಟು ಹೊರುವುದಕ್ಕೆಂದು ಹುಟ್ಟಿದ ಈ ದುಡಿಮೆಯ ಗಾಡಿಗೆ ಆಗಾಗ ಕಂಪನಿಗಳು ಓಟದ ಹುಚ್ಚು ಹಿಡಿಸಿದ್ದುಂಟು. 1978ರಲ್ಲಿ ಡಾಡ್ಜ್ ಕಂಪನಿ ಕ್ಯಾಬಿನ್ನಿನ ಹಿಂದೆ ಎರಡು ಹೊಗೆ ಕೊಳವೆಗಳನ್ನು ನೆಟ್ಟಗೆ ನಿಲ್ಲಿಸಿ ‘ಲಿಲ್ ರೆಡ್ ಎಕ್ಸ್‌ಪ್ರೆಸ್’ ಎಂಬ ಕೆಂಪು ಪಿಕಪ್ಪನ್ನು ಮಾರಿತು. 1991ರ ಜಿಎಂಸಿ ‘ಸೈಕ್ಲೋನ್’ 280 ಅಶ್ವಶಕ್ತಿಯ ಟರ್ಬೊ ಎಂಜಿನ್ ಹೊತ್ತು ಬಂತು. ಒಂದು ಮೋಟಾರು ಪತ್ರಿಕೆ ಕಾಲು ಮೈಲಿ ಓಟಕ್ಕೆ ಬಿಟ್ಟಾಗ ಅದು ಫೆರಾರಿ ಕಾರೊಂದನ್ನು ಹಿಂದೆ ಹಾಕಿತು. 1993ರಲ್ಲಿ ಫೋರ್ಡಿನ ‘ಲೈಟ್ನಿಂಗ್’ ರಸ್ತೆಗಿಳಿಯಿತು. ಇವುಗಳಿಗೆಲ್ಲ ಅಲ್ಲಿ ‘ಪರ್ಫಾರ್ಮೆನ್ಸ್ ಟ್ರಕ್’ ಎಂಬ ಹೆಸರು.

ಇದೇ ಸಾಲಿನಲ್ಲಿ ನಿಲ್ಲುವುದು ಶೆವ್ರೊಲೆ ‘454 ಎಸ್‌ಎಸ್’. 1990ರಿಂದ 1993ರವರೆಗೆ ತಯಾರಾದ ಈ ಗಾಡಿಗೆ ಮೊದಲ ವರ್ಷ ಕಪ್ಪು ಬಣ್ಣ ಬಿಟ್ಟರೆ ಬೇರೆ ಇರಲಿಲ್ಲ. ಹೆಸರಿನಲ್ಲಿರುವ 454 ಎಂಬುದು ಎಂಜಿನ್ನಿನ ಅಳತೆ, ಘನ ಅಂಗುಲಗಳಲ್ಲಿ. ಲೀಟರಿನ ಲೆಕ್ಕದಲ್ಲಿ 7.4. ಶಕ್ತಿ ಮೊದಲು 230 ಅಶ್ವಶಕ್ತಿ, ಮರುವರ್ಷ 255. ಇಂಥ ಭಾರದ ಎಂಜಿನ್ನನ್ನು ಮುಂದಿನ ಗಾಲಿಗಳ ಮೇಲೆ ಕೂರಿಸಿದ ಕಂಪನಿಯವರು ಗಾಡಿ ಚುರುಕಾಗಿ ತಿರುಗಲೆಂದು 12.7ಕ್ಕೆ 1ರ ಅನುಪಾತದ ಸ್ಟಿಯರಿಂಗ್ ಪೆಟ್ಟಿಗೆ ಕೊಟ್ಟರು. ಅಂದರೆ ಚಾಲಕ ಸ್ಟಿಯರಿಂಗ್ ಚಕ್ರವನ್ನು 12.7 ಡಿಗ್ರಿ ತಿರುಗಿಸಿದರೆ ರಸ್ತೆಯ ಮೇಲಿನ ಗಾಲಿ ಹತ್ತಿರ ಹತ್ತಿರ ಒಂದು ಡಿಗ್ರಿ ಹೊರಳುತ್ತದೆ. ಹೊಸದಾಗಿದ್ದಾಗ ಈ ಚುರುಕುತನವೇ ಅದರ ಹೆಮ್ಮೆ. ಇವತ್ತು ಆ ಗಾಡಿಗಳಿಗೆ ಮೂವತ್ತು ವರ್ಷ ದಾಟಿದೆ. ಕೆಲವನ್ನು ಹವ್ಯಾಸಿಗಳು ಕೊಂಡಿದ್ದಾರೆ, ಕೆಲವು ಅಪ್ಪನಿಂದ ಮಕ್ಕಳ ಕೈಗೆ ಬಂದಿವೆ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಹದಿನಾರು ತುಂಬಿದವರಿಗೆ ಗಾಡಿ ಓಡಿಸುವ ಪರವಾನಗಿ ಸಿಗುತ್ತದೆ. ಆದ್ದರಿಂದ ಹಳೆಯ ಸ್ಟಿಯರಿಂಗಿನ ಸಡಿಲು ಬರೀ ಹವ್ಯಾಸದ ವಿಷಯವಾಗಿ ಉಳಿಯುವುದಿಲ್ಲ. ಆ ಗಾಡಿಯ ಕೀಲಿಕೈ ನಾಳೆ ಯಾರ ಕೈಯಲ್ಲಿರುತ್ತದೆ ಎಂಬ ಪ್ರಶ್ನೆಯೂ ಅದರಲ್ಲಿ ಇದೆ.

ಸಡಿಲು ಎಂದರೇನು? ಸ್ಟಿಯರಿಂಗ್ ಚಕ್ರವನ್ನು ಅತ್ತಿತ್ತ ಅಲ್ಲಾಡಿಸಿದರೂ ಗಾಲಿ ಕದಲದೆ ನಿಂತಿರುವಷ್ಟು ಜಾಗ. ಗ್ಯಾರೇಜಿನವರು ಇದನ್ನು ‘ಪ್ಲೇ’ ಎನ್ನುತ್ತಾರೆ. ಕನ್ನಡದಲ್ಲಿ ‘ಆಟ’ ಎಂದರೂ ಸರಿಯೇ. ಕೇಳುವುದಕ್ಕೆ ಹಗುರವಾದ ಮಾತು. ಲೆಕ್ಕ ಹಾಕಿದರೆ ಹಗುರವಲ್ಲ. ಸ್ಟಿಯರಿಂಗ್ ಚಕ್ರದ ಅಡ್ಡಳತೆ 38 ಸೆಂ.ಮೀ. ಎಂದು ಹಿಡಿದರೆ ಸುತ್ತಳತೆ ಸುಮಾರು 119 ಸೆಂ.ಮೀ. ಅದರ ಅಂಚಿನಲ್ಲಿ ಎರಡೂವರೆ ಸೆಂ.ಮೀ. ಆಟವಿದ್ದರೆ ಏಳೂವರೆ ಡಿಗ್ರಿ ಆಯಿತು. ಅದನ್ನು 12.7ರಿಂದ ಭಾಗಿಸಿದರೆ ಗಾಲಿಯಲ್ಲಿ 0.6 ಡಿಗ್ರಿ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ ಸುಮಾರು 3 ಮೀಟರ್ ದೂರವಿರುವ ಈ ಗಾಡಿ, ಗಾಲಿ 0.6 ಡಿಗ್ರಿ ಹೊರಳಿದಾಗ ಸುಮಾರು 285 ಮೀಟರ್ ತ್ರಿಜ್ಯದ ವೃತ್ತದಲ್ಲಿ ಸಾಗಬೇಕು. ಗಂಟೆಗೆ 100 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಆ ಒಂದೇ ಸೆಕೆಂಡಿನಲ್ಲಿ ಗಾಡಿ ನೇರ ದಾರಿಯಿಂದ 1.3 ಮೀಟರ್ ಪಕ್ಕಕ್ಕೆ ಸರಿಯುತ್ತದೆ. ಇದು ಕಾಗದದ ಮೇಲಿನ ಲೆಕ್ಕ. ಟೈರು ಜಾರುವುದನ್ನೂ ಗಾಲಿ ತಾನಾಗಿ ನೇರಕ್ಕೆ ಬರುವ ಗುಣವನ್ನೂ ಸೇರಿಸಿಕೊಂಡರೆ ನಿಜವಾದ ಸರಿತ ಇದಕ್ಕಿಂತ ಕಡಿಮೆಯೇ. ಆದರೆ ಅಮೆರಿಕದ ಹೆದ್ದಾರಿಯಲ್ಲಿ ಒಂದು ಸಾಲಿನ ಅಗಲ 12 ಅಡಿ, ಅಂದರೆ ಸುಮಾರು 3.6 ಮೀಟರ್. ಸುಮಾರು ಎರಡು ಮೀಟರ್ ಅಗಲದ ಟ್ರಕ್ಕಿಗೆ ಎರಡೂ ಪಕ್ಕದಲ್ಲಿ ಉಳಿಯುವುದು 80 ಸೆಂ.ಮೀ. ಪ್ರಾಣ ಉಳಿಯಬೇಕಾದದ್ದು ಅಷ್ಟು ಜಾಗದಲ್ಲಿ.

ಇನ್ನು ಪೆಟ್ಟಿಗೆಯೊಳಗೆ ಏನಿದೆ ಎಂದು ನೋಡಿದರೆ ತಿರುಪಿನ ಗುಟ್ಟು ಬಯಲಾಗುತ್ತದೆ. ಸ್ಟಿಯರಿಂಗ್ ಚಕ್ರದಿಂದ ಇಳಿದು ಬಂದ ದಂಡದ ತುದಿಯಲ್ಲಿ ತಿರುಪಿನಂಥ ಸುರುಳಿ ಗಾಡಿಗಳಿವೆ. ಅದರ ಮೇಲೊಂದು ದಪ್ಪ ನಟ್ಟು. ನಟ್ಟು ನೇರವಾಗಿ ತಿರುಪಿಗೆ ಉಜ್ಜದಂತೆ ನಡುವೆ ಉಕ್ಕಿನ ಗುಂಡುಗಳು ಉರುಳುತ್ತವೆ; ಒಂದು ತುದಿಯಲ್ಲಿ ಹೊರಬಿದ್ದ ಗುಂಡುಗಳು ಕೊಳವೆಯ ಮೂಲಕ ಮತ್ತೆ ಇನ್ನೊಂದು ತುದಿಗೆ ಬರುತ್ತವೆ. ನಟ್ಟಿನ ಹೊರಮೈಯಲ್ಲಿ ಹಲ್ಲುಗಳಿವೆ. ಆ ಹಲ್ಲುಗಳು ಇನ್ನೊಂದು ದಂಡದ ಹಲ್ಲುಗಳನ್ನು ಕಚ್ಚಿ ತಿರುಗಿಸುತ್ತವೆ. ಆ ಎರಡನೆಯ ದಂಡ ಪೆಟ್ಟಿಗೆಯಿಂದ ಕೆಳಗಿಳಿದು ಪಿಟ್‌ಮನ್ ತೋಳನ್ನು ಅಲ್ಲಾಡಿಸುತ್ತದೆ. ನೆತ್ತಿಯ ಮೇಲಿನ ಚಿಕ್ಕ ತಿರುಪು ಮಾಡುವ ಕೆಲಸ ಇಷ್ಟೇ: ಈ ಎರಡನೆಯ ದಂಡವನ್ನು ತುಸು ಒತ್ತಿ, ಹಲ್ಲು ಹಲ್ಲಿಗೆ ಹತ್ತಿರವಾಗುವಂತೆ ಮಾಡುವುದು.

ತಯಾರಿಸಿದವರು ಈ ಹಲ್ಲುಗಳನ್ನು ಒಂದು ಜಾಣತನದಿಂದ ಕಡೆದಿದ್ದಾರೆ. ಗಾಲಿಗಳು ನೇರವಾಗಿರುವಾಗ ಕಚ್ಚುವ ನಡುಹಲ್ಲಿನಲ್ಲಿ ಹಿಡಿತ ಬಿಗಿ. ಎಡಬಲಕ್ಕೆ ಹೋದಂತೆ ಸ್ವಲ್ಪ ಸಡಿಲು. ಹೆಚ್ಚಿನ ದಾರಿ ನೇರವಾದ್ದರಿಂದ ವರ್ಷಗಟ್ಟಲೆ ಸವೆಯುವುದೂ ಆ ನಡುಹಲ್ಲೇ. ಸವೆದ ನಡುವನ್ನು ಬಿಗಿ ಮಾಡಲೆಂದು ತಿರುಪು ತಿರುಗಿಸಿದರೆ, ಅಷ್ಟಾಗಿ ಸವೆಯದ ಅಕ್ಕಪಕ್ಕದ ಹಲ್ಲುಗಳು ಅತಿಯಾಗಿ ಕಚ್ಚಿಕೊಳ್ಳುತ್ತವೆ. ತಿರುವಿನಲ್ಲಿ ತಿರುಗಿಸಿ ಕೈ ಸಡಿಲ ಬಿಟ್ಟರೆ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳುವುದಿಲ್ಲ. ಸೈಕಲ್ ಹೊಡೆದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಹ್ಯಾಂಡಲಿನ ಕೋನ್ ಸಡಿಲವಾದರೆ ಮುಂದಿನ ಬ್ರೇಕ್ ಹಿಡಿದಾಗ ಟಕ್ ಟಕ್ ಎನ್ನುತ್ತದೆ. ಅದಕ್ಕೆ ಹೆದರಿ ಕೋನನ್ನು ಅತಿ ಬಿಗಿ ಮಾಡಿದರೆ ಸದ್ದು ನಿಲ್ಲುತ್ತದೆ, ಸೈಕಲ್ಲನ್ನು ನೇರ ಓಡಿಸುವುದೇ ಕಷ್ಟವಾಗುತ್ತದೆ. ಹ್ಯಾಂಡಲು ಸ್ವತಂತ್ರವಾಗಿ ತುಸು ತುಸು ಹೊರಳುತ್ತಿದ್ದರೆ ಮಾತ್ರ ಸೈಕಲ್ ಬೀಳದೆ ನಿಲ್ಲುವುದು.

ಹಾಗಾದರೆ ಸಡಿಲು ಎಲ್ಲಿದೆ? ಸ್ಟಿಯರಿಂಗ್ ಚಕ್ರದಿಂದ ಗಾಲಿಯವರೆಗೆ ಒಂದು ಸರಪಳಿಯೇ ಇದೆ. ಹಳೆಯ ಗಾಡಿಗಳಲ್ಲಿ ಪೆಟ್ಟಿಗೆಗೆ ಸೇರುವ ಮುನ್ನ ದಂಡದಲ್ಲಿ ರಬ್ಬರು ಮತ್ತು ಬಟ್ಟೆಯ ಪದರದ ಒಂದು ಕೂಡು ಇರುತ್ತದೆ. ರಸ್ತೆಯ ನಡುಕ ಕೈಗೆ ಬರದಿರಲೆಂದು ಇಟ್ಟದ್ದು; ಎಣ್ಣೆ ಬಿದ್ದು, ಎಂಜಿನ್ನಿನ ಬಿಸಿಗೆ ಬೆಂದು ಮೆತ್ತಗಾಗುತ್ತದೆ. ಪೆಟ್ಟಿಗೆಯನ್ನು ಚಾಸಿಗೆ ಹಿಡಿದಿಟ್ಟ ಬೋಲ್ಟುಗಳು ಸಡಿಲಬಹುದು, ಆ ಜಾಗದಲ್ಲಿ ಚಾಸಿಯೇ ಬಿರುಕು ಬಿಟ್ಟಿರಬಹುದು. ಪೆಟ್ಟಿಗೆಯಿಂದ ಮುಂದೆ ಪಿಟ್‌ಮನ್ ತೋಳು; ಅದಕ್ಕೆ ಸೇರಿದ ನಡುಸರಳು; ಸರಳಿನ ಎರಡು ಕಡೆ ಟೈರಾಡುಗಳು, ಒಂದೊಂದಕ್ಕೂ ಒಳಗೊಂದು ಹೊರಗೊಂದು ಕೀಲು. ನಡುಸರಳಿನ ಇನ್ನೊಂದು ತುದಿಯನ್ನು ಹಿಡಿದಿರುವುದು ಐಡ್ಲರ್ ತೋಳು. ಹೆಸರಿಗೆ ಸೋಮಾರಿ. ತಾನಾಗಿ ಏನನ್ನೂ ತಿರುಗಿಸುವುದಿಲ್ಲ. ಪಲ್ಲಕ್ಕಿಯ ಎದುರು ತುದಿಗೆ ಹೆಗಲು ಕೊಟ್ಟವನಂತೆ ಸರಳು ಏರಿಳಿಯದ ಹಾಗೆ ಹೊತ್ತು ನಡೆಯುತ್ತದೆ. ಅದು ಸವೆದರೆ ಹಳ್ಳ ದಿಣ್ಣೆಯಲ್ಲಿ ಸರಳು ಮೇಲೆ ಕೆಳಗೆ ಕುಣಿದು, ಚಾಲಕ ಏನೂ ಮಾಡದಿದ್ದರೂ ಗಾಲಿ ಒಂದಿಷ್ಟು ಹೊರಳುತ್ತದೆ.

ಇಲ್ಲಿ ಇನ್ನೊಂದು ಲೆಕ್ಕ ಬೇಕು. ಪಿಟ್‌ಮನ್ ತೋಳಿನ ಉದ್ದ 15 ಸೆಂ.ಮೀ. ಎಂದಿಟ್ಟುಕೊಂಡರೆ, 0.6 ಡಿಗ್ರಿಗೆ ಅದರ ತುದಿ ಚಲಿಸುವುದು ಒಂದೂವರೆ ಮಿಲಿಮೀಟರ್ ಮಾತ್ರ. ಅಂದರೆ ಸರಪಳಿಯ ಐದು ಜಾಗಗಳಲ್ಲಿ ತಲಾ 0.3 ಮಿ.ಮೀ. ಸವೆತವಿದ್ದರೆ ಸಾಕು, ಚಾಲಕನ ಕೈಯಲ್ಲಿ ಅದು ಎರಡೂವರೆ ಸೆಂ.ಮೀ. ಆಟವಾಗಿ ಕಾಣಿಸುತ್ತದೆ. 0.3 ಮಿ.ಮೀ. ಎಂದರೆ ಎರಡು ಮೂರು ಕಾಗದಗಳ ದಪ್ಪ. ಯಾವ ಕೀಲನ್ನು ಹಿಡಿದು ಕೇಳಿದರೂ ‘ನನ್ನದೇನೂ ತಪ್ಪಿಲ್ಲ’ ಎಂದೀತು. ಹೇಳಿದ್ದು ಹೆಚ್ಚುಕಡಿಮೆ ನಿಜವೂ ಆದೀತು. ತಪ್ಪು ಎಲ್ಲರದೂ ಸ್ವಲ್ಪ ಸ್ವಲ್ಪ. ಹೀಗಾಗಿಯೇ ದುಬಾರಿ ಹೊಸ ಪೆಟ್ಟಿಗೆ ತಂದು ಕೂರಿಸಿದವರೂ ಮೊದಲ ದಿನದ ಓಟದಲ್ಲಿ ಅದೇ ಸಡಿಲನ್ನು ಕಂಡು ಪೆಚ್ಚಾಗುವುದು.

ಇದನ್ನು ಹುಡುಕಲು ದೊಡ್ಡ ಯಂತ್ರ ಬೇಕಿಲ್ಲ, ಇಬ್ಬರು ಮನುಷ್ಯರು ಬೇಕು. ಹಳೆಯ ಟ್ರಕ್ಕಿನ ಒಡೆಯನೊಬ್ಬ ಮತ್ತು ಆಗಷ್ಟೇ ಪರವಾನಗಿ ಪಡೆದ ಅವನ ಮಗಳು ಎಂದಿಟ್ಟುಕೊಂಡರೆ ಕೆಲಸ ಹೀಗೆ ನಡೆಯುತ್ತದೆ. ಗಾಡಿ ಮನೆಯ ಮುಂದೆ ಬಯಲಿನಲ್ಲಿ ಸಮತಟ್ಟಾದ ನೆಲದ ಮೇಲೆ, ನಾಲ್ಕು ಗಾಲಿಗಳ ಮೇಲೂ ಭಾರ ಬಿಟ್ಟು ನಿಂತಿರಬೇಕು. ಕೈ ಬ್ರೇಕ್ ಹಾಕಿ, ಹಿಂದಿನ ಗಾಲಿಗಳ ಹಿಂದೆ ಮುಂದೆ ಅಡ್ಡಿ ಇಡಬೇಕು. ಪವರ್ ಸ್ಟಿಯರಿಂಗ್ ಆದ್ದರಿಂದ ಎಂಜಿನ್ ಮಂದವಾಗಿ ಓಡುತ್ತಿರಬೇಕು. ಬಾಗಿಲು ಹಾಕಿದ ಗ್ಯಾರೇಜಿನಲ್ಲಿ ಈ ಕೆಲಸ ಮಾಡಬಾರದು, ಹೊಗೆ ಪ್ರಾಣಕ್ಕೆ ಕುತ್ತು. ಮಗಳು ಸೀಟಿನಲ್ಲಿ ಕುಳಿತು ಸ್ಟಿಯರಿಂಗ್ ಚಕ್ರವನ್ನು ಗಡಿಯಾರದ ಹನ್ನೊಂದರಿಂದ ಒಂದರವರೆಗೆ ಎಂಬಷ್ಟು ಮಾತ್ರ ಅತ್ತಿತ್ತ ತೂಗುತ್ತಾಳೆ. ಅಪ್ಪ ಗಾಲಿಯ ದಾರಿಗೆ ಅಡ್ಡ ಬರದಂತೆ ಪಕ್ಕದಲ್ಲಿ ಮಲಗಿ, ಬೆರಳು ತೂರಿಸದೆ, ಟಾರ್ಚು ಬಿಟ್ಟು ಒಂದೊಂದೇ ಕೀಲನ್ನು ನೋಡುತ್ತಾನೆ. ಒಂದು ಭಾಗ ಕದಲಿ ಅದರ ಪಕ್ಕದ್ದು ತಡವಾಗಿ ಕದಲಿದರೆ ಆಟ ಆ ನಡುವಿನ ಕೀಲಿನದು.

‘ಈಗ?’ ಎಂದು ಮೇಲಿನಿಂದ ಪ್ರಶ್ನೆ. ‘ಇನ್ನೊಮ್ಮೆ, ನಿಧಾನವಾಗಿ’ ಎಂದು ಕೆಳಗಿನಿಂದ ಉತ್ತರ. ಮೇಲಿದ್ದವಳ ಕೈಗೆ ಸಡಿಲು ತಿಳಿಯುತ್ತದೆ, ಎಲ್ಲಿ ಎಂಬುದು ಕಾಣುವುದಿಲ್ಲ. ಕೆಳಗಿದ್ದವನಿಗೆ ಕೀಲು ಕಾಣುತ್ತದೆ, ಕೈಗೆ ಆಗುವ ಅನುಭವ ಗೊತ್ತಾಗುವುದಿಲ್ಲ. ಆಮೇಲೆ ಜಾಗ ಬದಲಿಸುತ್ತಾರೆ. ಬಹಳ ಸಲ ಎರಡನೆಯ ಜೊತೆ ಕಣ್ಣಿಗೆ ಮೊದಲನೆಯದು ಕಾಣದ್ದು ಕಾಣುತ್ತದೆ.

ನೋಡುವುದಕ್ಕೂ ಒಂದು ಕ್ರಮವಿದೆ. ಎಲ್ಲಕ್ಕಿಂತ ಮೊದಲು ಟೈರು: ಗಾಳಿ ಸರಿಯಿದೆಯೇ, ಒಂದೇ ಅಂಚು ಸವೆದಿದೆಯೇ. ಖರ್ಚಿಲ್ಲದ ಈ ಪರೀಕ್ಷೆಯನ್ನು ಬಿಟ್ಟು ಕೀಲು ಬಿಚ್ಚಿದವರು ಹಲವರು. ಆಮೇಲೆ ಮುಂದಿನ ಗಾಲಿಯನ್ನು ಜಾಕಿನಲ್ಲಿ ಎತ್ತಿ, ಗಾಡಿಯ ಕೈಪಿಡಿ ಹೇಳಿದ ಜಾಗದಲ್ಲಿ ಗಟ್ಟಿ ಸ್ಟ್ಯಾಂಡು ಕೊಟ್ಟು ಪರೀಕ್ಷೆ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಎಂದೂ ತಲೆ ಹಾಕಬಾರದು. ಗಾಲಿಯ ಮೇಲೂ ಕೆಳಗೂ ಕೈಯಿಟ್ಟು ತೂಗಿದಾಗ ಅಲ್ಲಾಡಿದರೆ ಹಬ್ ಬೇರಿಂಗಿನದೋ ಬಾಲ್ ಜಾಯಿಂಟಿನದೋ ದೋಷ. ಒಬ್ಬರು ಬ್ರೇಕ್ ತುಳಿದಾಗ ಅಲ್ಲಾಟ ನಿಂತರೆ ಅದು ಬೇರಿಂಗು. ಎಡಕ್ಕೂ ಬಲಕ್ಕೂ ಕೈಯಿಟ್ಟು ತೂಗಿದಾಗ ಮಾತ್ರ ಅಲ್ಲಾಡಿದರೆ ಅನುಮಾನ ಟೈರಾಡ್ ಕೀಲುಗಳ ಮೇಲೆ. ಹೀಗೆ ಕಂಡದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವ ರೂಢಿಯಿದ್ದರೆ ಅರ್ಧ ಕೆಲಸ ಮುಗಿದಂತೆ. ಯಾವ ಕೀಲು, ಎಷ್ಟು ಆಟ, ಬದಲಿಸಿದ ಮೇಲೆ ಎಷ್ಟು ಉಳಿಯಿತು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಮತ್ತೆ ಅಳೆದರೆ ಯಾವ ಮದ್ದು ಯಾವ ರೋಗಕ್ಕೆ ತಾಗಿತೆಂಬುದು ತಿಳಿಯುತ್ತದೆ. ಶಾಲೆಯ ಪ್ರಯೋಗಾಲಯದಲ್ಲಿ ಕಲಿಸುವುದೂ ಇದನ್ನೇ. ಅಲ್ಲಿ ಅಂಕಕ್ಕಾಗಿ, ಇಲ್ಲಿ ಜೀವಕ್ಕಾಗಿ.

ಕರ್ನಾಟಕದ ಲಾರಿ ಗ್ಯಾರೇಜುಗಳ ಮುಂದೆ ನಿಂತರೂ ಇಂಥದೇ ಮಾತು ಕಿವಿಗೆ ಬೀಳುತ್ತದೆ. ಅಮೆರಿಕದ ಪಿಕಪ್ಪುಗಳು ಕ್ರಮೇಣ ಈ ಗುಂಡಿನ ಪೆಟ್ಟಿಗೆಯನ್ನು ಬಿಟ್ಟವು. ಫೋರ್ಡಿನ ಎಫ್-150 ಗಾಡಿ 2004ರ ಮಾದರಿಯಲ್ಲಿ ಕಾರುಗಳಂತೆ ರ‍್ಯಾಕ್ ಸ್ಟಿಯರಿಂಗಿಗೆ ಬದಲಾಯಿತು. ಆದರೆ ಭಾರ ಹೊರುವ ಲಾರಿ, ಬಸ್ಸುಗಳಲ್ಲಿ ಆ ಪೆಟ್ಟಿಗೆಯ ತತ್ವ ಇನ್ನೂ ಬದುಕಿದೆ. ಟೈರಾಡ್ ಎಂಡ್, ಡ್ರ್ಯಾಗ್ ಲಿಂಕ್, ಕಿಂಗ್ ಪಿನ್ ಎಂಬ ಶಬ್ದಗಳು ಲಾರಿ ಮೆಕ್ಯಾನಿಕ್ಕುಗಳ ಬಾಯಲ್ಲಿ ಕನ್ನಡವೇ ಆಗಿಹೋಗಿವೆ. ಅದಕ್ಕೂ ಹಿಂದಿನ ಎತ್ತಿನ ಗಾಡಿಯವರಿಗೂ ಈ ವಿವೇಕ ಇತ್ತು. ಹೊರಡುವ ಮುನ್ನ ಗಾಲಿ ಕಳಚದಂತೆ ಹಿಡಿದ ಕಡಾಣಿಯನ್ನು ಒಮ್ಮೆ ಮುಟ್ಟಿ ನೋಡದ ಗಾಡಿಯವನನ್ನು ಯಾರೂ ನಂಬುತ್ತಿರಲಿಲ್ಲ.

ಟೈರಾಡಿನ ಕೀಲಿಗೂ ಒಂದು ಕಡಾಣಿ ಇದೆ. ಕೋಟೆಯ ತೆನೆಗಳಂತೆ ಸೀಳುಗಳಿರುವ ನಟ್ಟು, ಅದರ ಮೂಲಕ ತೂರುವ ಸ್ಪ್ಲಿಟ್ ಪಿನ್. ಹೇಳಿದಷ್ಟು ಬಿಗಿ ಮಾಡಿದ ಮೇಲೆ ಬೋಲ್ಟಿನ ತೂತಿಗೂ ನಟ್ಟಿನ ಸೀಳಿಗೂ ಹೊಂದದಿದ್ದರೆ ನಟ್ಟನ್ನು ಹಿಂದಕ್ಕೆ ತಿರುಗಿಸಬಾರದು. ಮುಂದಿನ ಸೀಳು ಬರುವವರೆಗೆ ಇನ್ನಷ್ಟು ಬಿಗಿಯಬೇಕು. ತೆಗೆದ ಹಳೆಯ ಪಿನ್ನನ್ನು ಮತ್ತೆ ಹಾಕಬಾರದು. ಒಂದು ಪಿನ್ನಿನ ಬೆಲೆ ತೀರಾ ಅಲ್ಪ. ಅದು ಇಲ್ಲದೆ ನಟ್ಟು ಕಳಚಿದರೆ ಗಾಲಿಗೂ ಚಾಲಕನಿಗೂ ಇದ್ದ ಸಂಬಂಧವೇ ಕಡಿದುಹೋಗುತ್ತದೆ. ಇಂಥ ಕೆಲಸದಲ್ಲಿ ಕೈ ಪಳಗದವರು ಬಿಚ್ಚಿ ಜೋಡಿಸುವುದನ್ನು ಬಲ್ಲವರಿಗೆ ಬಿಡುವುದೇ ಲೇಸು; ಹುಡುಕುವುದನ್ನು ಮಾತ್ರ ಯಾರು ಬೇಕಾದರೂ ಕಲಿಯಬಹುದು. ಹೊಸ ಕೀಲು ಬಂದ ಮೇಲೆ ಗಾಲಿಗಳ ಅಲೈನ್‌ಮೆಂಟ್ ಮಾಡಿಸಲೇಬೇಕು. ಗಾಲಿಗಳು ಕಾಲ್ಬೆರಳು ಹೊರಗಿಟ್ಟು ನಡೆಯುವವನಂತೆ ನಿಂತಿದ್ದರೆ ಕೀಲುಗಳೆಲ್ಲ ಹೊಸದಾದರೂ ಗಾಡಿ ದಾರಿ ಹುಡುಕುತ್ತಾ ತೂಗಾಡುತ್ತದೆ.

ಇಷ್ಟೆಲ್ಲ ಆದ ಮೇಲೂ ಆಟ ಉಳಿದಿದ್ದರೆ, ಆಗ ಬರುತ್ತದೆ ಆ ಚಿಕ್ಕ ತಿರುಪಿನ ಸರದಿ. ಅದಕ್ಕೂ ರೀತಿಯಿದೆ. ಗಾಲಿಗಳನ್ನು ನೇರವಾಗಿಟ್ಟು, ನಡುಹಲ್ಲು ಕಚ್ಚಿರುವಾಗಲೇ ಹೊಂದಿಸಬೇಕು. ಕ್ರಮ ಬಲ್ಲ ಮೆಕ್ಯಾನಿಕ್ಕು ಪೆಟ್ಟಿಗೆಯನ್ನು ಗಾಡಿಯಿಂದ ಇಳಿಸಿ, ತಿರುಗಿಸಲು ಎಷ್ಟು ಬಲ ಬೇಕೆಂದು ಅಳೆಯುತ್ತಲೇ ಬಿಗಿಯುತ್ತಾನೆ. ಅಳತೆ ಮೀರುವ ಮುನ್ನ ನಿಲ್ಲಿಸುತ್ತಾನೆ. ಹಲ್ಲುಗಳೇ ತೀರಾ ಸವೆದಿದ್ದರೆ ಪೆಟ್ಟಿಗೆ ಬದಲಿಸಬೇಕೆಂದು ನೇರವಾಗಿ ಹೇಳುತ್ತಾನೆ. ಮೂವತ್ತು ವರ್ಷದ ಗಾಡಿ ಹೊಸ ಕಾರಿನಂತೆ ಆಗುವುದಿಲ್ಲ, ಆಗಲೂ ಬೇಕಿಲ್ಲ. ಗಾಡಿಯ ಕೈಪಿಡಿ ಒಪ್ಪುವಷ್ಟು ಆಟ ಉಳಿದರೆ ಅದು ದೋಷವಲ್ಲ. ಸ್ಟಿಯರಿಂಗ್ ನೇರಕ್ಕೆ ತಾನಾಗಿ ಮರಳುತ್ತಿದೆಯೇ ಎಂಬುದು ಬಿಗಿಗಿಂತ ದೊಡ್ಡ ಪರೀಕ್ಷೆ.

ಮಕ್ಕಳಿರುವ ಮನೆಗಳಿಗೂ ಈ ಮಾತು ಅಷ್ಟು ದೂರದ್ದಲ್ಲ. ಪ್ರಗತಿ ಪತ್ರದಲ್ಲಿ ಗಣಿತದ ಅಂಕ ಇಳಿದಾಗ ತಂದೆತಾಯಿಗಳ ಕೈಗೆ ಮೊದಲು ಎಟಕುವ ತಿರುಪು ಒಂದು ಇರುತ್ತದೆ: ಆಟ ಬಂದ್, ಟಿ.ವಿ. ಬಂದ್, ಇನ್ನೊಂದು ಟ್ಯೂಷನ್. ಬಿಗಿಯಾದದ್ದು ಕೂಡಲೇ ಕಾಣುತ್ತದೆ, ಸಮಾಧಾನವೂ ಆಗುತ್ತದೆ. ಸಡಿಲಿದ್ದ ಜಾಗ ಮಾತ್ರ ಬೇರೆ ಇರಬಹುದು. ಕಪ್ಪು ಹಲಗೆ ಸರಿಯಾಗಿ ಕಾಣದ ಕಣ್ಣಿನಲ್ಲಿ, ಎರಡು ವರ್ಷದ ಹಿಂದೆ ಅರ್ಥವಾಗದೆ ಉಳಿದ ಭಿನ್ನರಾಶಿಯಲ್ಲಿ, ಪಕ್ಕದ ಬೆಂಚಿನವನ ಕಾಟದಲ್ಲಿ, ಅಥವಾ ಇವೆಲ್ಲದರಲ್ಲೂ ಸ್ವಲ್ಪ ಸ್ವಲ್ಪ. ಅದನ್ನು ಅನುಭವಿಸುತ್ತಿರುವ ಮಗುವಿಗೆ ಎಲ್ಲಿ ಎಂದು ಹೇಳಲು ಬರುವುದಿಲ್ಲ. ನೋಡಬಲ್ಲ ಹಿರಿಯರಿಗೆ ಅದು ಕೈಗೆ ತಾಗುವುದಿಲ್ಲ. ಒಬ್ಬರು ನಿಧಾನವಾಗಿ ತೂಗುತ್ತಾ, ಇನ್ನೊಬ್ಬರು ತಾಳ್ಮೆಯಿಂದ ನೋಡುತ್ತಾ, ನಡುನಡುವೆ ‘ಈಗ?’ ಎಂದು ಕೇಳುತ್ತಾ ಹೋದರೆ ಮಾತ್ರ ಸಿಕ್ಕೀತು. ಸಿಕ್ಕ ಮೇಲೆ ಬಿಗಿಯಬೇಕಾದದ್ದು ಬಹಳ ಸಲ ತೀರಾ ಕಡಿಮೆ ಇರುತ್ತದೆ.